ಕೇಳಿದವರ ಪಾಲು

ನಮ್ಮ ಊರಿನಲ್ಲಿ ಕಾಯಿಲೆ ಬಿದ್ದವರನ್ನು ಹೇಗಿದ್ದೀಯ ಎಂದು ಯಾರೂ ಕೇಳುವುದಿಲ್ಲ. ಕೇಳಿ, ಅವರು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರೆ, ಅವರ ನೋವಿನಲ್ಲಿ ಅರ್ಧ ಕೇಳಿದವನ ಮೈಗೆ ಬರುತ್ತದೆ. ಮರುದಿನ ಹೊತ್ತು ಹುಟ್ಟುವ ತನಕ ಅಲ್ಲೇ ಇರುತ್ತದೆ. ಆಮೇಲೆ ತನ್ನ ಪಾಡಿಗೆ ತಾನು ಯಜಮಾನನ ಹತ್ತಿರ ವಾಪಸು ಹೋಗುತ್ತದೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಊರಿನ ಬಾವಿ ನೀರು ಯಾಕೆ ಉಪ್ಪು ಎಂದು ನಾನು ಕೇಳಿದ್ದೇನೆಯೆ?

ಆದ್ದರಿಂದ ಯಾರಾದರೂ ಎದುರಾದರೆ ನಾವು ಕೇಳುವುದಿಲ್ಲ, ಹೇಳುತ್ತೇವೆ. "ಚೆನ್ನಾಗಿದ್ದೀಯ ಬಿಡಪ್ಪ" ಎಂದು ಹೇಳಿ ಮುಂದೆ ನಡೆಯುತ್ತೇವೆ. ನಮ್ಮ ಹಲ್ಲಿನ ಡಾಕ್ಟರು ಒಂದು ಕಡ್ಡಿಯಿಂದ ಹಲ್ಲುಗಳನ್ನು ತಟ್ಟುತ್ತಾ ಹೋಗಿ, ರೋಗಿ ಯಾವ ಹಲ್ಲಿಗೆ ಕುರ್ಚಿ ಬಿಟ್ಟು ಹಾರುತ್ತಾನೋ ಅದನ್ನು ಕೀಳುತ್ತಾನೆ. ಹೆರಿಗೆಯ ಹೊತ್ತಿನಲ್ಲಿ ಗಂಡನಾದವನು ಬಾಗಿಲ ಹೊರಗೆ ನಿಂತು ಒಂದು ಸಲವಾದರೂ ಕೇಳಬೇಕೆಂಬ ಪದ್ಧತಿ ಇದೆ. ಸರಿಯಾಗಿ ಆ ಹೊತ್ತಿಗೇ ಪಕ್ಕದೂರಿಗೆ ಗೊಬ್ಬರ ತರಲು ಹೋಗುವ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಾಯಂದಿರು ಮಾತ್ರ ಮಕ್ಕಳನ್ನು ಕೇಳದೆ ಇರಲಾರರು. ಅದಕ್ಕೇ ನಮ್ಮಲ್ಲಿ ಚಿಕ್ಕ ಮಕ್ಕಳಿರುವ ಹೆಂಗಸರು ಒಂದು ಕೈಯಲ್ಲಿ ಕಿವಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ರೊಟ್ಟಿ ತಟ್ಟುವುದು. ಹೆಣ್ಣು ತೋರಿಸುವಾಗ "ನಮ್ಮ ಹುಡುಗಿ ಹುಟ್ಟಿದಾಗಿಂದ ಯಾರಿಗೂ ಒಂದು ತಲೆನೋವು ಕೊಟ್ಟೋಳಲ್ಲ" ಎಂದು ಹೇಳುತ್ತಾರೆ. ಅದು ದೊಡ್ಡ ಗುಣ. ಯಾರಾದರೂ ಬಾಯಿತಪ್ಪಿ ಕೇಳಿದರೂ ಇಲ್ಲ ಎನ್ನುವುದು ಮರ್ಯಾದಸ್ಥರ ಲಕ್ಷಣ. ಸುಳ್ಳು ಹೇಳಿದರೆ ನೋವು ದಾಟುವುದಿಲ್ಲ. ಕೇಳಿದವನು "ನನಗೇನೂ ಬರಲಿಲ್ಲ" ಎಂದು ಎದ್ದನೆಂದರೆ ರೋಗಿಗೆ ನೋವಿಲ್ಲ ಎಂದೇ ಊರೆಲ್ಲ ತಿಳಿದುಕೊಳ್ಳುತ್ತದೆ.

ಊರಿನ ದೊಡ್ಡಾಸ್ಪತ್ರೆಗೆ ಒಂದು ಕೆಟ್ಟ ಹೆಸರು ಬಂದಿತ್ತು. ಕೆಟ್ಟ ಹೆಸರು ಎಲ್ಲ ಆಸ್ಪತ್ರೆಗೂ ಬರುತ್ತದೆ, ಆದರೆ ಇದು ವಿಚಿತ್ರವಾಗಿತ್ತು. ಎತ್ತು ಹಾಯ್ದು ಕರುಳನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದವನು ನಡೆದುಕೊಂಡು ಮನೆಗೆ ಹೋಗುತ್ತಿದ್ದ. ಕಾಲಿನ ಮೇಲೆ ಲಾರಿ ಹತ್ತಿಸಿಕೊಂಡವನು ಬದುಕುತ್ತಿದ್ದ. ಸ್ನಾನ ಮಾಡಿ, ದಿನ ನೋಡಿ, ಫ್ಲಾಸ್ಕು ಹಿಡಿದುಕೊಂಡು, ಒಂದು ಸಣ್ಣ ಆಪರೇಷನ್ ಮಾಡಿಸಿಕೊಂಡು ಬಂದುಬಿಡೋಣ ಎಂದು ಆಟೋದಲ್ಲಿ ನಗುತ್ತಾ ಹೋದವರು ಸಾಯುತ್ತಿದ್ದರು. ಟೇಬಲ್ಲಿನ ಮೇಲಲ್ಲ. ಆಪರೇಷನ್ ಚೆನ್ನಾಗಿ ಆಗಿ, ಕಣ್ಣು ಬಿಟ್ಟು, ಗಂಜಿ ಕುಡಿದು, ಮಾರನೆಯ ದಿನವೋ ಆಚೆ ನಾಡಿದ್ದೋ ಸದ್ದಿಲ್ಲದೆ ಹೋಗಿಬಿಡುತ್ತಿದ್ದರು. ಜನ ಬಾಯಿಗೆ ಬಂದ ಕಾರಣ ಹೇಳಿದರು. ಕಟ್ಟಡದ ಬಾಗಿಲು ದಕ್ಷಿಣಕ್ಕಿದೆ ಎಂದರು. ಸರ್ಜನ್ ವಿದ್ಯಾಶಂಕರ ಡಾಕ್ಟರ ಕೈ ಸರಿಯಿಲ್ಲ ಎಂದರು. ಮತ್ತು ಬರಿಸುವ ಗ್ಯಾಸು ಹಳೆಯದು, ನೀರು ಕೆಟ್ಟದ್ದು ಎಂದರು.

ಕೊನೆಗೆ ಪರೀಕ್ಷೆ ಮಾಡಲು ಹೊರಗಿನಿಂದ ಮೂರು ಜನ ಬಂದರು. ಅವರ ಮುಖ್ಯಸ್ಥ ಒಳ್ಳೆಯ ಮನುಷ್ಯ, ವಾರ್ಡಿಗೆ ಕಾಲಿಟ್ಟವನೇ ಮೊದಲ ಮಂಚದವನನ್ನು "ಹೇಗಿದ್ದೀರಿ?" ಎಂದು ಕೇಳಿದ. ಆ ಮಂಚದಲ್ಲಿದ್ದವನಿಗೆ ಮೂತ್ರಪಿಂಡದಲ್ಲಿ ಕಲ್ಲು. ಜೊತೆಗೆ ಸಂಕೋಚ ಎಂಬುದು ಅವನ ಜಾತಕದಲ್ಲೇ ಇಲ್ಲ. ಎಲ್ಲವನ್ನೂ ಹೇಳಿಬಿಟ್ಟ. ಮುಖ್ಯಸ್ಥನನ್ನು ಇಬ್ಬರು ಹಿಡಿದು ಗೆಸ್ಟ್ ಹೌಸಿಗೆ ಸಾಗಿಸಿದರು. ಅಲ್ಲಿಂದ ಮುಂದೆ ಆ ತಂಡ ಯಾರನ್ನೂ ಏನೂ ಕೇಳಲಿಲ್ಲ. ಕತ್ತರಿ ನೋಡಿದರು, ಚಾಕು ನೋಡಿದರು, ಬಟ್ಟೆ ಬೇಯಿಸುವ ಹಂಡೆ ನೋಡಿದರು, ಗೋಡೆಯ ಮೇಲೆ ಬೆರಳಾಡಿಸಿ ಧೂಳು ನೋಡಿದರು. ಆಪರೇಷನ್‌ಗಳು ಸರಿಯಾಗಿಯೇ ನಡೆಯುತ್ತಿವೆ, ರೋಗಿಗಳು ಆಮೇಲೆ ಸಾಯುತ್ತಿದ್ದಾರೆ ಎಂದು ಹೇಳಿ ಬಸ್ಸು ಹತ್ತಿದರು. ಇದನ್ನು ಹೇಳಲು ಮೂರು ಜನ ಬೇಕೇ? ನಮ್ಮ ಮಿಲ್ಲಿನ ಮುಂದೆ ಮಲಗುವ ನಾಯಿಯೂ ಹೇಳುತ್ತಿತ್ತು.

ನನ್ನದು ಹಿಟ್ಟಿನ ಮಿಲ್ಲು. ಹೆಸರು ಬೋರಲಿಂಗಪ್ಪ. ಕಲ್ಲು ತಿರುಗುವ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ದೊಡ್ಡದು. ಕೋಪವೂ ಅದಕ್ಕೆ ತಕ್ಕಂತೆ ಇದೆ. ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೆಯ ಕ್ಲಾಸು. ನನ್ನ ಹೆಂಡತಿ ಚಿತ್ತಮ್ಮ ಜಗಳವಾಡಿದರೆ ನನ್ನನ್ನು ಮೀರಿಸುತ್ತಾಳೆ, ಆದರೆ ಮೈಯಲ್ಲಿ ಏನಾದರೂ ಆದರೆ ಬಾಯಿ ಬಿಡುವವಳಲ್ಲ. ಮಗಳನ್ನು ಹೆತ್ತಾಗಲೂ ನಾನು ಬಾಗಿಲ ಹೊರಗೆ ನಿಂತು ಕೇಳಿದರೆ ಒಳಗಿನಿಂದ "ಏನಿಲ್ಲ, ಹೋಗಿ ಮಿಲ್ ನೋಡ್ಕೋ" ಎಂದವಳು. ಅವಳ ಪಿತ್ತಕೋಶದಲ್ಲಿ ಕಲ್ಲಿದೆ ಎಂದು ತಿಳಿದದ್ದು ಅವಳಿಂದಲ್ಲ, ಶಾಲೆಯ ಮೈದಾನದಲ್ಲಿ ಆರೋಗ್ಯ ಶಿಬಿರ ಹಾಕಿದ್ದರಲ್ಲ, ಅಲ್ಲಿನ ಯಂತ್ರದಿಂದ. ವಿದ್ಯಾಶಂಕರ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಅರ್ಜೆಂಟೇನಿಲ್ಲ, ನಿಮಗೆ ಅನುಕೂಲ ಆದಾಗ ಬನ್ನಿ" ಎಂದರು.

ಅನುಕೂಲ ಆದಾಗ ಹೋದವರೇ ಅಲ್ಲವೆ ಸಾಯುತ್ತಿದ್ದದ್ದು?

"ಬ್ಯಾಡ ಕಣೇ. ನೋವು ಬಂದಾಗ ನೋಡ್ಕಂಡ್ರಾಯ್ತು" ಎಂದೆ.

"ಮಗಳಿಗೆ ಏಳು ತುಂಬೈತೆ. ಅವಳ ಬಾಣಂತನದ ಹೊತ್ನಲ್ಲಿ ನಾನು ಹೊಟ್ಟೆ ಹಿಡ್ಕಂಡು ಬಿದ್ರೆ ಹಂಡೆ ನೀರು ನೀನು ಕಾಯಿಸ್ತೀಯಾ?" ಎಂದಳು. ರಾಗಿ ಕಣಜಕ್ಕೆ ಹಾಕಿದ ಮೇಲೆ, ಹಬ್ಬದ ಹಿಂದಿನ ದಿನ ಒಳ್ಳೆಯದಿದೆ ಎಂದು ದಿನವನ್ನೂ ಅವಳೇ ಗೊತ್ತುಮಾಡಿದಳು. ನಾನು ಕೂಗಾಡಿದೆ. ಅವಳು ಟವೆಲ್ಲು, ಲೋಟ, ಎಲೆಯಡಿಕೆ ಚೀಲದಲ್ಲಿ ತುಂಬಿಕೊಂಡಳು.

ಆಪರೇಷನ್ ಬೇಗನೆ ಮುಗಿಯಿತು. ಡಾಕ್ಟರು ಹೊರಗೆ ಬಂದು ಹುಣಸೆ ಬೀಜದಂಥ ಕಲ್ಲುಗಳನ್ನು ಬಟ್ಟಲಲ್ಲಿ ತೋರಿಸಿ, ಬೆನ್ನು ತಟ್ಟಿ ಹೋದರು. ಚಿತ್ತಮ್ಮನನ್ನು ಗಂಡಸರಿಗೂ ಹೆಂಗಸರಿಗೂ ಒಂದೇ ಆದ ಉದ್ದ ವಾರ್ಡಿನ ಕಿಟಕಿ ಪಕ್ಕದ ಮಂಚಕ್ಕೆ ಹಾಕಿದರು. ಅವಳ ತಂಗಿ ಓಬಮ್ಮ ನೋಡಿಕೊಳ್ಳಲು ಬಂದು ಕೂತಳು. ಪಕ್ಕದ ಮಂಚದಲ್ಲಿ ಗುರುಪಾದಪ್ಪನವರು, ಬಟ್ಟೆ ಅಂಗಡಿಯವರು, ಅದೇ ದಿನ ಹರ್ನಿಯಾ ಮಾಡಿಸಿಕೊಂಡವರು. ಅವರ ಸುತ್ತ ಹೆಂಡತಿ, ಮಗ ಷಡಕ್ಷರಿ, ಸೊಸೆ, ನಾದಿನಿ, ಅಳಿಯ ಎಲ್ಲ ಸೇರಿ ಮದುವೆ ಮನೆಯ ಹಾಗೆ ಇತ್ತು.

ಆ ವಾರ್ಡಿನಲ್ಲಿ ಕೆಲಸ ನಡೆಯುವ ರೀತಿ ಹೀಗೆ. ಡಾಕ್ಟರು ಬಾಗಿಲ ಬಳಿ ನಿಂತು ನರ್ಸ್ ಇಂದಿರಮ್ಮನನ್ನು ಕೇಳುತ್ತಾರೆ: "ಈ ಪೇಷಂಟ್ ಹೇಗಿದ್ದಾರೆ?" ಇಂದಿರಮ್ಮ ಮಂಚದ ಪಕ್ಕದವರನ್ನು ಕೇಳುತ್ತಾರೆ: "ನಿಮ್ಮೋರು ಹೇಗಿದ್ದಾರೆ?" ಪಕ್ಕದವರು ರೋಗಿಯ ಮುಖ ನೋಡುತ್ತಾರೆ. ರೋಗಿ ನಗುತ್ತಾನೆ. "ಚೆನ್ನಾಗವ್ರೆ" ಎನ್ನುತ್ತಾರೆ. ಚೆನ್ನಾಗಿದ್ದಾರೆ ಎಂಬ ಮಾತು ಅದೇ ದಾರಿಯಲ್ಲಿ ಹಿಂದಕ್ಕೆ ಹೋಗಿ ಬಾಗಿಲು ಸೇರುತ್ತದೆ. ಹಬ್ಬದ ಮುನ್ನಾದಿನವಾದ್ದರಿಂದ ಬೇರೆ ನರ್ಸುಗಳು ರಜೆ ಹಾಕಿದ್ದರು. ಇಂದಿರಮ್ಮ ಒಬ್ಬರೇ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದರು. ಓಬಮ್ಮನನ್ನು ಕೇಳಿದರು. ಓಬಮ್ಮ, "ಅಕ್ಕನ ಮುಖ ಕಳಕಳ ಅಂತೈತೆ" ಎಂದಳು. ಜ್ವರದ ಕಡ್ಡಿ ಸ್ವಲ್ಪ ಏರಿತ್ತು. ಕೊಯ್ದ ಮೇಲೆ ಅಷ್ಟಿರುತ್ತದೆ ಎಂದು ಇಂದಿರಮ್ಮ ಮುಂದಿನ ಮಂಚಕ್ಕೆ ಓಡಿದರು.

ಮಾರನೆಯ ದಿನ ಬೆಳಿಗ್ಗೆ ನಾನು ಇಡ್ಲಿ ಕಟ್ಟಿಸಿಕೊಂಡು ಬರುವ ಹೊತ್ತಿಗೆ ಗುರುಪಾದಪ್ಪನವರ ಮಂಚದಲ್ಲಿ ನಗು ನಡೆದಿತ್ತು. ದೊಡ್ಡ ಮಗ ಒಂದು ಸಲ ಕೇಳಬೇಕು ಎಂಬುದು ಅವರ ಮನೆಯ ಪದ್ಧತಿಯಂತೆ. ಷಡಕ್ಷರಿ ಅಂಗಿಯ ತೋಳು ಮಡಚಿಕೊಂಡು, ಹಲ್ಲು ಕಚ್ಚಿ, "ಅಪ್ಪಾಜಿ, ನೋವಿದೆಯಾ?" ಎಂದ. ಗುರುಪಾದಪ್ಪನವರು ತಲೆದಿಂಬಿಗೆ ಒರಗಿ, "ಎಂಥ ನೋವೋ ಮಾರಾಯ, ಕೂತ್ಕೋ" ಎಂದರು. ಷಡಕ್ಷರಿ ಮೈ ಮುಟ್ಟಿ ನೋಡಿಕೊಂಡು, "ಏನೂ ಬರಲಿಲ್ಲ!" ಎಂದ. ಅಳಿಯ ಚಪ್ಪಾಳೆ ಹೊಡೆದ. ನಾದಿನಿ ಮೂಸಂಬಿ ಸುಲಿದು ತೊಳೆ ಬಿಡಿಸುತ್ತಿದ್ದಳು. ಮೊದಲ ತೊಳೆಯನ್ನು ಬಾಯಿಗಿಡಲು ಹೋದಾಗ ಗುರುಪಾದಪ್ಪನವರು ಬಾಯಿ ತೆರೆಯಲಿಲ್ಲ.

ಡಾಕ್ಟರು ಓಡಿ ಬಂದರು, ಎದೆ ಒತ್ತಿದರು, ಸೂಜಿ ಹಾಕಿದರು. ಆಗಲಿಲ್ಲ. ಹೆಂಡತಿ ಅಳುತ್ತಾ, "ಆಗಾಗ ಎದೆ ನೀವ್ಕೊಳ್ತಿದ್ರು, ಗ್ಯಾಸು ಅಂದ್ಕೊಂಡಿದ್ವಿ, ನಾವೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ" ಎಂದರು. ಮಂಚದ ತಲೆಯ ಬಳಿ ನಿಂತಿದ್ದ ಯಾರೋ ಹಿರಿಯರು ಹೇಳಿದರು: "ಪುಣ್ಯಾತ್ಮ. ಹೋಗೋವಾಗ್ಲೂ ಒಬ್ಬರಿಗೂ ಒಂದು ಚೂರು ನೋವು ಕೊಡ್ಲಿಲ್ಲ." ಎಲ್ಲರೂ ಹೌದು ಹೌದು ಎಂದರು.

ನನಗೆ ಮೈ ಉರಿದುಹೋಯಿತು. ಇದು ಹೊಗಳುವ ಮಾತೇ? ಸತ್ತ ಮನೆಯವರ ಮುಂದೆ ಬಾಯಿ ಬಿಡಬಾರದೆಂದು ತುಟಿ ಕಚ್ಚಿ ಈ ಕಡೆ ತಿರುಗಿದೆ. ಚಿತ್ತಮ್ಮ ನನ್ನನ್ನು ನೋಡಿ ನಕ್ಕಳು. ಅದು ಗುರುಪಾದಪ್ಪನವರ ನಗುವೇ. ತುಟಿ ಮಾತ್ರ ನಗುತ್ತಿತ್ತು. ಹಣೆಯ ಮೇಲೆ ಬೆವರಿನ ಹನಿ ಸಾಲುಗಟ್ಟಿತ್ತು. ಇಡ್ಲಿಯ ಪೊಟ್ಟಣ ಬಿಚ್ಚಿದರೆ ಮುಖ ಆಚೆ ತಿರುಗಿಸಿದಳು.

"ಲೇ, ನೋವೈತಾ?" ಎಂದೆ.

"ಅಯ್ಯೋ ಭಾವ!" ಎಂದು ಓಬಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಇಲ್ಲ ಹೋಗು" ಎಂದಳು ಚಿತ್ತಮ್ಮ.

ನನಗೆ ಏನೂ ಬರಲಿಲ್ಲ. "ನೋಡ್ದಾ? ನಮ್ಮಕ್ಕ ಗಟ್ಟಿಗಿತ್ತಿ" ಎಂದಳು ಓಬಮ್ಮ.

ನಾನು ಅಲ್ಲೇ ನಿಂತು ಯೋಚಿಸಿದೆ. ನನ್ನ ತಲೆ ಅಂಥ ಚುರುಕಿನದಲ್ಲ, ಮಿಲ್ಲಿನ ಕಲ್ಲಿನ ಹಾಗೆ ನಿಧಾನವಾಗಿ ತಿರುಗುತ್ತದೆ. ಆದರೂ ತಿರುಗಿತು. "ಓಬಮ್ಮ, ನಿನ್ನೆ ಇವಳ ಹೊಟ್ಟೆ ಕುಯ್ದವ್ರೆ. ಬದನೆಕಾಯಿ ಹೆಚ್ಚೋವಾಗ ಬೆರಳು ಕುಯ್ದುಕೊಂಡ್ರೆ ಎರಡು ದಿನ ನೋಯ್ತೈತೆ. ಹೊಟ್ಟೆ ಕುಯ್ದೋಳು ನೋವಿಲ್ಲ ಅಂತಾಳೆ, ನನಗೆ ಸೊಳ್ಳೆ ಕಚ್ಚಿದಷ್ಟೂ ಬರಲಿಲ್ಲ. ಅಂದ್ರೇನು?"

"ಅಂದ್ರೆ ಚೆನ್ನಾಗವ್ಳೆ."

"ಅಂದ್ರೆ ಸುಳ್ಳು ಹೇಳ್ತಾವ್ಳೆ ಕಣೇ, ಹೆಡ್ಡೀ!"

ಇಷ್ಟು ವರ್ಷ ಈ ಊರಿನಲ್ಲಿದ್ದು, ಏನೂ ಬರಲಿಲ್ಲ ಎಂಬುದನ್ನು ನಾವೆಲ್ಲ ಸಮಾಧಾನದ ಮಾತು ಎಂದುಕೊಂಡಿದ್ದೆವು. ಕೊಯ್ಯಿಸಿಕೊಂಡವರ ಹತ್ತಿರ ಏನೂ ಬರಲಿಲ್ಲ ಎಂದರೆ ಅದಕ್ಕಿಂತ ಹೆದರುವ ಮಾತಿಲ್ಲ. ಕರುಳು ಹಿಡಿದುಕೊಂಡು ಬಂದವನು ಕಿರುಚಿ ಡಾಕ್ಟರನ್ನು ಕರೆಸಿಕೊಳ್ಳುತ್ತಿದ್ದ, ನಗುತ್ತಾ ಹೋದವರು ನಗುತ್ತಲೇ ಮುಚ್ಚಿಟ್ಟುಕೊಂಡು ಸಾಯುತ್ತಿದ್ದರು.

"ಕೂಗಾಡ್ಬೇಡ. ಪಕ್ಕದಾಗೆ ಸಾವಾಗೈತೆ" ಎಂದಳು ಚಿತ್ತಮ್ಮ. ಅವಳ ಧ್ವನಿ ಅರ್ಧಕ್ಕೇ ನಿಂತು ನಿಂತು ಬರುತ್ತಿತ್ತು.

"ನಿಜ ಹೇಳು."

"ಹೇಳ್ದೆನಲ್ಲ. ನೀನು ಮಿಲ್ಲಿನಾಗೆ ಮೂಟೆ ಹೊರೋನು. ನಿನಗ್ಯಾಕೆ. ಹೋಗು."

ಬೇಡಿಕೊಂಡರೆ ಅವಳು ಹೇಳುವುದಿಲ್ಲ ಎಂದು ನನಗೆ ಗೊತ್ತು. ಅಳುತ್ತಾ ಕೇಳಿದರೆ ಇನ್ನೂ ಬಿಗಿಯಾಗುತ್ತಾಳೆ. ನನ್ನ ಹೆಂಡತಿಯ ಬಾಯಿಂದ ಇದ್ದದ್ದು ಇದ್ದಹಾಗೆ ಹೊರಗೆ ಬರುವುದು ಒಂದೇ ಸಂದರ್ಭದಲ್ಲಿ. ನಾನು ಮಂಚದ ಕಂಬಿ ಹಿಡಿದುಕೊಂಡು ಹೇಳಿದೆ: "ನಿಮ್ಮಪ್ಪ ಮದುವೇಲಿ ಕೊಟ್ನಲ್ಲ ಎಮ್ಮೆ. ಅದು ಗೊಡ್ಡು ಅಂತ ಗೊತ್ತಿದ್ದೇ ಕೊಟ್ಟ."

ಓಬಮ್ಮ ಎದ್ದು ನಿಂತಳು. ಅದು ಅವಳ ಅಪ್ಪನೂ ಹೌದು. ಚಿತ್ತಮ್ಮನ ಕಣ್ಣು ಅಗಲವಾಯಿತು.

"ಏನಂದೆ?"

"ಗೊಡ್ಡೆಮ್ಮೆ. ಬಣ್ಣ ಬಳಿದು, ಕೊಂಬಿಗೆ ಎಣ್ಣೆ ಹಚ್ಚಿ ಕಟ್ಟಿದ. ನಿಮ್ಮ ವಂಶಕ್ಕೇ ಸುಳ್ಳು ಹುಟ್ಟುಗುಣ."

"ಮೂರು ಸೂಲು ಈಯ್ತಲ್ಲೋ ಆ ಎಮ್ಮೆ! ಅದರ ಹಾಲು ಕುಡ್ದೇ ಈ ಗಂಟ್ಲು ಬಂದಿರೋದು ನಿನಗೆ! ನಮ್ಮಪ್ಪ ಸತ್ತು ಸ್ವರ್ಗದಾಗವ್ನೆ, ಅವನ್ನ ಸುಳ್ಳ ಅಂತೀಯಾ? ನಮ್ಮ ವಂಶದಾಗೆ ಒಬ್ಬರೂ ಸುಳ್ಳು ಹೇಳ್ದೋರಿಲ್ಲ!"

"ಹಂಗಾದ್ರೆ ಆ ವಂಶದೋಳು ಹೇಳು. ನೋವೈತಾ, ಇಲ್ವಾ?"

"ಐತೆ! ಐತೆ ಕಣೋ ನಿನ್ನ ಮನೆ ಹಾಳಾಗ! ನಿನ್ನೆ ಸಂಜೆಯಿಂದ ಹೊಟ್ಟೆ ಒಳಗೆ ಸುಣ್ಣ ಕಲಸಿ ಹುಯ್ದಂಗೆ ಬೇಯ್ತೈತೆ. ಬಲಗಡೆ ಭುಜ ಕಿತ್ಕೊಂಡು ಹೋಗ್ತೈತೆ. ಉಸಿರು ಎಳೆದ್ರೆ ಕತ್ತಿ ಹಾಕ್ದಂಗಾಗ್ತೈತೆ. ಸಾಕಾ?"

ಸಾಕಾಗಿತ್ತು. ಮೊದಲು ಹೊಟ್ಟೆಯೊಳಗೆ ಬಿಸಿ ಹರಿಯಿತು. ಆಮೇಲೆ ಬಲಭುಜದ ತುದಿಗೆ ಯಾರೋ ಕೊಕ್ಕೆ ಹಾಕಿ ಮೇಲಕ್ಕೆಳೆದರು. ನಾನು ಕ್ವಿಂಟಲ್ ಮೂಟೆ ಬೆನ್ನ ಮೇಲೆ ಬಿದ್ದರೂ ಎದ್ದವನು. ಮಂಚದ ಕಂಬಿ ಹಿಡಿದುಕೊಂಡೇ ಮಂಡಿಯೂರಿದೆ. ಇದು ಅರ್ಧ. ಇನ್ನರ್ಧ ಇಟ್ಟುಕೊಂಡು ಇವಳು ಮೇಲೆ ಮಲಗಿದ್ದಾಳೆ. ನಿನ್ನೆ ಸಂಜೆಯಿಂದ ಪೂರ್ತಿ ಇಟ್ಟುಕೊಂಡು ನಗುತ್ತಿದ್ದಳು.

ನಾನು ಮರ್ಯಾದಸ್ಥನಲ್ಲ. ಬಾಯಿ ತೆರೆದು ಕೂಗಿದೆ. ಮಿಲ್ಲಿನ ಬೆಲ್ಟು ಕಿತ್ತಾಗ ಕೂಗುವ ಕೂಗು. ಇಂದಿರಮ್ಮನ ಕೈಯಿಂದ ಟ್ರೇ ಬಿತ್ತು. ಆಪರೇಷನ್ ಕೋಣೆಯಲ್ಲಿ ಕೈ ತೊಳೆಯುತ್ತಿದ್ದ ಡಾಕ್ಟರು ಒದ್ದೆ ಕೈಯಲ್ಲೇ ಓಡಿ ಬಂದರು.

"ಇವರಿಗೇನಾಯ್ತು?" ಎಂದು ವಾಡಿಕೆಯಂತೆ ಇಂದಿರಮ್ಮನನ್ನು ಕೇಳಿದರು. ನನ್ನನ್ನು ನೆಲದ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡಿ, "ಹೊಟ್ಟೆ ಮೆತ್ತಗಿದೆಯಲ್ಲ" ಎಂದರು.

"ನಂದಲ್ಲ ಕಣ್ರೀ! ಅವಳ್ದು! ನಂದು ಬರೀ ಅರ್ಧ!"

ಡಾಕ್ಟರು ತಿರುಗಿ ಚಿತ್ತಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟರು. ಅವರ ಕೈ ಹಲಗೆ ಮುಟ್ಟಿದಂತೆ ನಿಂತಿತು. ನನ್ನ ಕಡೆ ನೋಡಿ, ತಮ್ಮ ನಿಯಮ ತಾವೇ ಮರೆತು, "ಎಲ್ಲೆಲ್ಲಿ ನೋವು?" ಎಂದುಬಿಟ್ಟರು.

ಸುಳ್ಳು ಹೇಳಬಹುದಿತ್ತು. ನಾನು ಹೇಳಲಿಲ್ಲ. ಹೊಟ್ಟೆ, ಭುಜದ ತುದಿ, ಉಸಿರೆಳೆದಾಗಿನ ಕತ್ತಿ, ಒಂದನ್ನೂ ಬಿಡಲಿಲ್ಲ. ನನ್ನ ಪಾಲಿನಲ್ಲಿ ಅರ್ಧ ಅವರಿಗೆ ಹೋಯಿತು. ಡಾಕ್ಟರು ಬಲಭುಜ ಹಿಡಿದುಕೊಂಡು, ಆಗಷ್ಟೇ ಹೆಣವನ್ನು ಹೊರಗೆ ಸಾಗಿಸಿ ಖಾಲಿಯಾಗಿದ್ದ ಗುರುಪಾದಪ್ಪನವರ ಮಂಚದ ಮೇಲೆ ಕುಸಿದು ಕೂತರು. ನನಗೆ ನೋವು ಮಾತ್ರ ಗೊತ್ತಾಗಿತ್ತು, ಅವರಿಗೆ ಅದರ ಅರ್ಥ ಗೊತ್ತಾಯಿತು.

"ಭುಜದ ತುದಿ... ಪಿತ್ತ ಸೋರ್ತಾ ಇದೆ. ಒಳಗೆ ಕಟ್ಟಿದ ದಾರ ಜಾರಿದೆ. ಹೊಟ್ಟೆಯೊಳಗೆಲ್ಲ ತುಂಬ್ಕೊಂಡಿದೆ. ಈಗಲೇ ತೆಗೀಬೇಕು, ಮಧ್ಯಾಹ್ನದ ತನಕ ಇರಲ್ಲ."

"ತೆಗೀರಿ ಮತ್ತೆ! ಕೂತ್ರೆ ಹೆಂಗೆ!"

ಅವರು ಬಲಗೈ ಎತ್ತಿ ತೋರಿಸಿದರು. ಬೆರಳುಗಳು ಗಾಳಿಗೆ ಎಲೆ ಅಲುಗಿದಂತೆ ಅಲುಗುತ್ತಿದ್ದವು. "ಇದಕ್ಕೇ ಬೋರಲಿಂಗಪ್ಪ, ನಾನು ಯಾರನ್ನೂ ಕೇಳಲ್ಲ. ಕೇಳಿದ ಕೈಲಿ ಕೊಯ್ಯೋಕಾಗಲ್ಲ. ಇನ್ನೊಬ್ಬ ಸರ್ಜನ್ ಹಬ್ಬಕ್ಕೆ ಊರಿಗೆ ಹೋಗಿದ್ದಾರೆ. ನಾಳೆ ಬೆಳಿಗ್ಗೆ ಈ ನೋವು ಬಿಡತ್ತೆ. ಅಷ್ಟು ಹೊತ್ತಿಗೆ ಇವರು..."

ಅವರನ್ನು ಇಷ್ಟು ದಿನ ಎದೆಯಿಲ್ಲದವರು ಎಂದುಕೊಂಡಿದ್ದೆ. ಎದೆ ಇದ್ದರೆ ಕೈ ಹೋಗುತ್ತದೆ ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಈಗ ನಾನೇ ನನ್ನ ಬಾಯಿಂದ ನನ್ನ ಹೆಂಡತಿಯ ಡಾಕ್ಟರ ಕೈ ಕೆಡಿಸಿದ್ದೆ.

ಆಗ ಷಡಕ್ಷರಿ ಬಂದ. ಅಪ್ಪನನ್ನು ಸಾಗಿಸಲು ಗಾಡಿಗೆ ಹೇಳಿ ಒಳಗೆ ಬಂದವನು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅತ್ತು ಅತ್ತು ಅವನ ಕಣ್ಣು ಕೆಂಪಾಗಿದ್ದವು. ನೇರವಾಗಿ ಡಾಕ್ಟರ ಮುಂದೆ ನಿಂತು, "ಡಾಕ್ಟ್ರೇ, ನಿಮಗೆ ನೋವಿದೆಯಾ?" ಎಂದ.

ಡಾಕ್ಟರು ಅವನ ಮುಖ ನೋಡಿದರು. ಅಪ್ಪ ಸತ್ತು ಇನ್ನೂ ಮೈ ತಣ್ಣಗಾಗದ ಮನೆಯವನು. "ಇಲ್ಲಪ್ಪ, ಏನಿಲ್ಲ" ಎಂದರು.

"ಸುಳ್ಳು ಹೇಳ್ಬೇಡಿ. ನಮ್ಮಪ್ಪಾಜಿನೂ ಹಿಂಗೇ ಅಂದ್ರು."

ಡಾಕ್ಟರು ತಲೆ ತಗ್ಗಿಸಿ, ತುಂಬಾ ಸಣ್ಣ ಧ್ವನಿಯಲ್ಲಿ, "ಇದೆ. ಭುಜದಲ್ಲಿ. ತುಂಬಾ ಇದೆ" ಎಂದರು. ಷಡಕ್ಷರಿ ತನ್ನ ಭುಜ ಒತ್ತಿಕೊಂಡು ಗೋಡೆಗೆ ಒರಗಿದ. ಇಂದಿರಮ್ಮ ಬಿದ್ದ ಟ್ರೇಯನ್ನು ಪಕ್ಕಕ್ಕೆ ಸರಿಸಿ ಬಂದರು. "ಸರ್, ಇನ್ನೂ ಇದೆಯಾ?" "ಇದೆ ಇಂದಿರಮ್ಮ." ಇಂದಿರಮ್ಮ ಒಮ್ಮೆ ಕಣ್ಣು ಮುಚ್ಚಿ ತೆರೆದು ಭುಜ ಹಿಡಿದುಕೊಂಡರು. ಕಾಲಿಗೆ ಸಿಮೆಂಟು ಹಾಕಿಸಿಕೊಂಡಿದ್ದವನೊಬ್ಬ ಮಂಚದಿಂದಲೇ, "ನನಗೆ ಹೆಂಗೂ ಒಂದು ಕಾಲು ಕೆಲಸಕ್ಕಿಲ್ಲ, ಇಲ್ಲೂ ಒಂದಿಷ್ಟು ಕಳಿಸಿ. ನೋವೈತಾ ಸಾ?" ಎಂದ. ಕೊನೆಗೆ ಓಬಮ್ಮ. ಜೀವಮಾನದಲ್ಲಿ ಯಾರ ನೆಗಡಿಯನ್ನೂ ಕೇಳಿದವಳಲ್ಲ. ಸೆರಗು ಬಿಗಿದುಕೊಂಡು ಕೇಳಿದಳು. ಅವಳಿಗೆ ಬಂದದ್ದು ಪಾಲಿನ ಪಾಲಿನ ಪಾಲು. ಆದರೂ, "ಅಯ್ಯಯ್ಯೋ ಅಕ್ಕಾ! ಇದನ್ನ ಇಟ್ಕಂಡು ನಗ್ತಿದ್ಯೇನೇ ನೀನು!" ಎಂದು ನೆಲದ ಮೇಲೆ ಕೂತುಬಿಟ್ಟಳು.

ಡಾಕ್ಟರು ಕೈ ಎತ್ತಿ ಬೆರಳು ಬಿಡಿಸಿದರು. ನಾವೆಲ್ಲ ಆ ಬೆರಳುಗಳನ್ನೇ ನೋಡಿದೆವು. ಅಲುಗಲಿಲ್ಲ.

"ಚಪ್ಪಲಿಯೊಳಗೆ ಕಲ್ಲು ಸಿಕ್ಕಂತಿದೆ. ಇಷ್ಟಿರಲಿ" ಎಂದು ಎದ್ದರು. ಚಿತ್ತಮ್ಮನ ಮಂಚವನ್ನು ತಾವೇ ತಳ್ಳಿಕೊಂಡು ಹೋದರು.

ಎರಡನೆಯ ಆಪರೇಷನ್ ನಡೆಯುವಷ್ಟು ಹೊತ್ತು ನಾವು ವರಾಂಡದ ಬೆಂಚಿನ ಮೇಲೆ ಸಾಲಾಗಿ ಕೂತಿದ್ದೆವು, ಎಲ್ಲರೂ ಬಲಭುಜ ಹಿಡಿದುಕೊಂಡು. ಷಡಕ್ಷರಿಯ ಮನೆಯವರು ಕರೆಯಲು ಬಂದರು. ಹೋಗುವ ಮುಂಚೆ ಅವನು ನನ್ನ ಹತ್ತಿರ, "ಹೊರಗೆ ಬಂದ ತಕ್ಷಣ ಹೇಳಿಕಳಿಸಿ" ಎಂದ. ನೀನು ಸಮಾಧಾನ ಮಾಡ್ಕೋ ಎಂದು ಹೇಳಲು ನಾನು ಬಾಯಿ ತೆರೆದೆ. ಆಮೇಲೆ ಮನಸ್ಸು ಬದಲಾಯಿಸಿ, "ನಿನಗೆ ಹೆಂಗಾಗ್ತೈತಪ್ಪ?" ಎಂದೆ. ಅವನು ಹೇಳಿದ. ಅಪ್ಪನನ್ನು ಕಳೆದುಕೊಂಡವನ ಎದೆಯ ಭಾರ ಎಂಥದ್ದು ಎಂದು ಅವತ್ತು ಅರ್ಧದಷ್ಟು ತಿಳಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವನದು.

ಚಿತ್ತಮ್ಮ ಹೊರಗೆ ಬಂದಳು. ಪಕ್ಕೆಯಿಂದ ಒಂದು ಕೊಳವೆ ಇಳಿಬಿಟ್ಟಿದ್ದರು, ಮುಖ ಬೂದಿಯ ಬಣ್ಣವಾಗಿತ್ತು. ಬದುಕುತ್ತಾಳೆಯೇ ಎಂದರೆ ಡಾಕ್ಟರು, "ಗೊತ್ತಿಲ್ಲ. ನೀವು ಕೇಳ್ತಾ ಇರಿ, ನನಗ್ ಹೇಳ್ತಾ ಇರಿ" ಎಂದರು. ಎರಡು ದಿನ ಜ್ವರ ಬಂತು, ಹೋಯಿತು. ನಾನು ಬೆಳಿಗ್ಗೆ ಕೇಳುತ್ತಿದ್ದೆ, ಮಧ್ಯಾಹ್ನ ಓಬಮ್ಮ ಕೇಳುತ್ತಿದ್ದಳು. ಅರೆಪ್ರಜ್ಞೆಯಲ್ಲಿದ್ದವಳು ಸುಳ್ಳು ಹೇಳುವಷ್ಟು ತ್ರಾಣವಿಲ್ಲದೆ ನಿಜವನ್ನೇ ಹೇಳಿದಳು. ನಮ್ಮ ಮೈಯಲ್ಲಿ ಎಲ್ಲಿ ನೋಯಿತು, ಎಷ್ಟು ನೋಯಿತು ಎಂದು ನಾವು ಇಂದಿರಮ್ಮನಿಗೆ, ಅವರು ಡಾಕ್ಟರಿಗೆ ಹೇಳಿದೆವು. ಆಸ್ಪತ್ರೆಯಲ್ಲಿ ಈಗ ಅದೇ ರೂಢಿಯಾಗಿದೆ. ಕೊಯ್ಯಿಸಿಕೊಂಡವರ ಕಡೆಯವರು ಏನೂ ಬರಲಿಲ್ಲ ಎಂದರೆ ಇಂದಿರಮ್ಮ ಅಲ್ಲಿಂದ ಕದಲುವುದಿಲ್ಲ. ಹಾಗೆಂದು ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಗೊಬ್ಬರ ತರಲು ಹೋಗುವವರು ಈಗಲೂ ಹೋಗುತ್ತಾರೆ. ಯಾರೂ ದಿಕ್ಕಿಲ್ಲದವರನ್ನು ಯಾರು ಕೇಳಬೇಕು ಎಂದು ಪಂಚಾಯಿತಿಯಲ್ಲಿ ಇನ್ನೂ ಜಗಳ ನಡೆದಿದೆ. ನಾನೂ ಹೋಗಿ ಕೂಗಾಡಿ ಬಂದಿದ್ದೇನೆ.

ಕೊಳವೆ ತೆಗೆದ ಮಾರನೆಯ ದಿನ ಡಾಕ್ಟರು ಬಾಗಿಲಲ್ಲಿ ನಿಂತು, "ಬೋರಲಿಂಗಪ್ಪ, ಒಂದು ಸಲ ಕೇಳಿ. ಮನೆಗೆ ಕಳಿಸೋದೋ ಬೇಡವೋ ಹೇಳ್ತೀನಿ" ಎಂದರು. ಚಿತ್ತಮ್ಮನಿಗೆ ಅಷ್ಟು ಹೊತ್ತಿಗೆ ಪೂರ್ತಿ ಎಚ್ಚರ ಬಂದಿತ್ತು. ಎಚ್ಚರ ಬಂದದ್ದೇ ನನಗೆ ಹೆದರಿಕೆ. ಸುಳ್ಳು ಹೇಳುವ ಶಕ್ತಿಯೂ ವಾಪಸು ಬಂದಿರುತ್ತದಲ್ಲ.

ನಾನು ಮಂಚದ ತುದಿಯಲ್ಲಿ ಕೂತೆ. "ಲೇ, ನೋವೈತಾ?"

"ಇಲ್..." ಎಂದವಳು ನಿಲ್ಲಿಸಿದಳು. ಪಕ್ಕದ ಮಂಚದ ಕಡೆ ನೋಡಿದಳು. ಅಲ್ಲಿ ಬೇರೆ ಯಾರೋ ಮಲಗಿದ್ದರು. ಸೆರಗಿನ ಅಂಚು ಸುತ್ತುತ್ತಾ, ಸಾಲ ಕೇಳುವವರ ಹಾಗೆ ಸಂಕೋಚದಿಂದ ಹೇಳಿದಳು: "ಸ್ವಲ್ಪ ಐತೆ. ಹೊಲಿಗೆ ಹತ್ರ ಚುರುಚುರು ಅಂತೈತೆ. ಮಲಗಿ ಮಲಗಿ ಸೊಂಟ ಹಿಡ್ಕಂಡೈತೆ. ಇನ್ನೇನಿಲ್ಲ."

ನಾನು ಕಾದೆ. ಹೊಟ್ಟೆಯ ಬಲಗಡೆ ಇರುವೆ ಹರಿದಂತೆ ಚುರುಚುರು ಎಂದಿತು. ಸೊಂಟ ಬಿಗಿಯಿತು. ಇನ್ನೂ ಕಾದೆ. ಭುಜ ಸುಮ್ಮನಿತ್ತು. ಹೆದರುತ್ತಾ ಹೆದರುತ್ತಾ ಉಸಿರೆಳೆದೆ. ಎಲ್ಲೂ ತಡೆಯದೆ ತಳದವರೆಗೆ ಇಳಿಯಿತು.

"ಬಂತಾ?" ಎಂದಳು.

"ಬಂತು."

"ಎಷ್ಟು?"

"ಇಷ್ಟೇ."

"ನಾನೂ ಇಷ್ಟೇ ಅಂತ ತಾನೆ ಹೇಳಿದ್ದು? ಅದಕ್ಯಾಕೆ ಅಳ್ತೀಯ?"

"ಯಾರೇ ಅತ್ತೋರು!" ಎಂದು ಗದರಿ, ಸೊಂಟ ಹಿಡಿದುಕೊಂಡು, ಡಾಕ್ಟರಿಗೆ ಹೇಳಲು ಎದ್ದೆ.